ಬರಿದಾಗದ ಬಟ್ಟಲು

ಮೈಸೂರಿನಿಂದ ಹೊರಟು ಹುಣಸೂರು, ಪಿರಿಯಾಪಟ್ಟಣಗಳನ್ನು ದಾಟಿ ಮಡಿಕೇರಿಯ ಕಡೆಗೆ ಸಾಗುವ ಪ್ರಯಾಣಿಕನಿಗೆ, ಕಾವೇರಿಯ ಸೇತುವೆ ಸಿಗುವ ಮುನ್ನವೇ ಹೊಸದೊಂದು ಲೋಕ ಎದುರಾಗುತ್ತದೆ. ಜೋಳದ ಹೊಲಗಳ ನಡುವೆ ನೀಲಿ, ಬಿಳಿ, ಕೆಂಪು, ಹಸಿರು, ಹಳದಿ ಬಣ್ಣದ ಪತಾಕೆಗಳು ಗಾಳಿಗೆ ಹಾರಾಡುತ್ತವೆ. ಆಕಾಶ, ಗಾಳಿ, ಬೆಂಕಿ, ನೀರು, ಭೂಮಿ ಎಂಬ ಪಂಚಭೂತಗಳ ಗುರುತುಗಳು ಅವು. ಕೆಂಗಂದು ವಸ್ತ್ರದ ಭಿಕ್ಷುಗಳು ಅಂಗಡಿಯವನೊಡನೆ ಕನ್ನಡದಲ್ಲಿಯೇ ಚೌಕಾಸಿ ಮಾಡುವುದು ಕೇಳಿಸುತ್ತದೆ. ಇದು ಬೈಲುಕುಪ್ಪೆ.

1959ರಲ್ಲಿ ದಲೈ ಲಾಮಾ ಅವರು ಟಿಬೆಟ್ಟನ್ನು ತೊರೆದು ಭಾರತಕ್ಕೆ ಬಂದರು. ಅವರ ಹಿಂದೆ ಸಾವಿರಾರು ಜನ ಹಿಮದ ಕಣಿವೆಗಳನ್ನು ದಾಟಿ ಬಂದರು. ಅಂದಿನ ಮೈಸೂರು ರಾಜ್ಯ ಸರ್ಕಾರ ಬೈಲುಕುಪ್ಪೆಯಲ್ಲಿ ಅವರಿಗೆ ಸುಮಾರು 3,000 ಎಕರೆ ಭೂಮಿಯನ್ನು ನೀಡಿತು. ಭೂಮಿಯೆಂದರೆ ಆಗ ಕಾಡು. ಚಳಿಯಲ್ಲಿ ಬೆಳೆದ ಜನ ಡೇರೆಗಳಲ್ಲಿ ಮಲಗಿ, ಮರಗಳನ್ನು ಕಡಿದು, ಆನೆಗಳ ಹಾವಳಿಯನ್ನು ಸಹಿಸಿ ನೆಲವನ್ನು ಹಸನುಮಾಡಿದರು. 1972ರಲ್ಲಿ ಹುಣಸೂರು ತಾಲ್ಲೂಕಿನ ಗುರುಪುರದಲ್ಲಿಯೂ ಅಂಥದೇ ಒಂದು ನೆಲೆ ಹುಟ್ಟಿತು. ಅಂದು ಅತಿಥಿಗಳಾಗಿ ಬಂದವರು ಇಂದು ಆತಿಥೇಯರು. ಅವರ ದೇಗುಲವನ್ನು ನೋಡಲು ಈ ನಾಡಿನ ಮಕ್ಕಳು ಬಸ್ಸುಗಳಲ್ಲಿ ಬರುತ್ತಾರೆ.

1963ರಲ್ಲಿ ಪೆನೋರ್ ರಿಂಪೋಚೆ ಅವರು ನಾಮ್‌ಡ್ರೋಲಿಂಗ್ ವಿಹಾರವನ್ನು ಸ್ಥಾಪಿಸಿದಾಗ ಇದ್ದದ್ದು ಬಿದಿರಿನ ಒಂದು ಪುಟ್ಟ ಗುಡಿ. ಇಂದು ಎಲ್ಲರೂ ಸ್ವರ್ಣಮಂದಿರವೆಂದು ಕರೆಯುವ ಮಹಾದೇಗುಲ 1999ರಲ್ಲಿ ದಲೈ ಲಾಮಾ ಅವರಿಂದ ಉದ್ಘಾಟನೆಗೊಂಡಿತು. ಒಳಗೆ ಶಾಕ್ಯಮುನಿ ಬುದ್ಧ, ಪದ್ಮಸಂಭವ, ಅಮಿತಾಯುಸ್ ಎಂಬ ಮೂರು ಮೂರ್ತಿಗಳಿವೆ. ಚಿನ್ನದ ಲೇಪವುಳ್ಳ ತಾಮ್ರದ ಈ ಮೂರ್ತಿಗಳ ಎತ್ತರ ಸುಮಾರು 60 ಅಡಿ.

ದೇಗುಲವನ್ನು ಸುತ್ತುವವರು ಬಲಗಡೆಯಿಂದಲೇ ಸುತ್ತಬೇಕು. ಪ್ರಾರ್ಥನಾಚಕ್ರಗಳನ್ನೂ ಹಾಗೆಯೇ ತಿರುಗಿಸಬೇಕು. ನಮ್ಮ ಗುಡಿಗಳ ಪ್ರದಕ್ಷಿಣೆ ಗೊತ್ತಿರುವವರಿಗೆ ಇದನ್ನು ಕಲಿಸಬೇಕಾಗಿಲ್ಲ. ಮೂರ್ತಿಗಳ ಮುಂದೆ ಏಳು ಬಟ್ಟಲುಗಳಲ್ಲಿ ನೀರು ಇರುತ್ತದೆ. ಅದು ತೀರ್ಥವಲ್ಲ, ಕೈಯೊಡ್ಡಬಾರದು. ಬಡವನೂ ಮನಸ್ಸು ಹಿಂಜರಿಯದೆ ಅರ್ಪಿಸಬಹುದಾದ ವಸ್ತು ನೀರು, ಆದ್ದರಿಂದಲೇ ಅದನ್ನು ಆರಿಸಿಕೊಂಡಿದ್ದಾರೆ. ಮೂರ್ತಿಗಳ ಕಡೆಗೆ ಕಾಲು ಚಾಚಿ ಕೂರುವುದು ಅಗೌರವ. ಪ್ರಾರ್ಥನೆ ನಡೆಯುತ್ತಿದ್ದರೆ ಗೋಡೆಯ ಬದಿಯಲ್ಲಿ ಸದ್ದಿಲ್ಲದೆ ನಿಲ್ಲಬೇಕು. ಪ್ರವಾಸದ ಮಕ್ಕಳಲ್ಲಿ ಅನೇಕರು ಅರ್ಧ ಗಂಟೆಯಲ್ಲಿ ಚಿತ್ರ ತೆಗೆದುಕೊಂಡು ನಿಸರ್ಗಧಾಮಕ್ಕೆ ಓಡುತ್ತಾರೆ. ಅವರು ಮಂದಿರವನ್ನು ಕಂಡಿರುತ್ತಾರೆ. ಅದರಲ್ಲಿ ಬದುಕುವವರನ್ನು ಕಂಡಿರುವುದಿಲ್ಲ.

ತುಸು ಹೊತ್ತು ನಿಂತವನಿಗೆ ಬೇರೊಂದು ನೋಟ ಸಿಗುತ್ತದೆ. ದೀರ್ಘ ಪ್ರಾರ್ಥನೆಯ ನಡುವೆ ಎಳೆಯ ಭಿಕ್ಷುಗಳು ದೊಡ್ಡ ಕೆಟಲುಗಳನ್ನು ಹಿಡಿದು ಸಾಲುಸಾಲಿಗೆ ಓಡಾಡಿ ಚಹಾ ಬಗ್ಗಿಸುತ್ತಾರೆ. ಕುಡಿಯುವ ಮುನ್ನ ಎಲ್ಲರೂ ಕೂಡಿ ಅದನ್ನು ಮಂತ್ರದಿಂದ ಅರ್ಪಿಸುತ್ತಾರೆ. ಚಹಾ ಇಲ್ಲಿ ಪೂಜೆಯ ಹೊರಗಿನ ವಸ್ತುವಲ್ಲ.

ಆ ಚಹಾದ ರುಚಿ ಮೊದಲ ಸಲ ಕುಡಿದವನನ್ನು ಬೆಚ್ಚಿಬೀಳಿಸುತ್ತದೆ. ಅದರಲ್ಲಿ ಸಕ್ಕರೆಯಿಲ್ಲ, ಉಪ್ಪಿದೆ. ಇಟ್ಟಿಗೆಯಂತೆ ಒತ್ತಿದ ಚಹಾದ ಎಲೆಯನ್ನು ಬಹಳ ಹೊತ್ತು ಕುದಿಸಿ, ಉಪ್ಪು, ಬೆಣ್ಣೆ ಸೇರಿಸಿ, ಉದ್ದನೆಯ ಮರದ ಕೊಳವೆಯಲ್ಲಿ ಕೋಲನ್ನು ಮೇಲೆ ಕೆಳಗೆ ಆಡಿಸಿ ಕಡೆಯುತ್ತಾರೆ. ಮಜ್ಜಿಗೆ ಕಡೆಯುವಾಗ ಬೆಣ್ಣೆ ಹೊರಗೆ ಬರುತ್ತದೆ. ಇಲ್ಲಿ ಅದು ಒಳಗೆ ಹೋಗುತ್ತದೆ! ಮರ ಬೆಳೆಯದ ಎತ್ತರದ ನಾಡಿನಲ್ಲಿ, ಕೊರೆಯುವ ಚಳಿಗೆ, ಮೈಗೆ ಕಾವು ಕೊಡುವ ಕೊಬ್ಬೇ ಅಮೃತ. ಇದೇ ಚಹಾದಲ್ಲಿ ಹುರಿದ ಬಾರ್ಲಿಯ ಹಿಟ್ಟನ್ನು ಕಲಸಿ ಉಂಡೆ ಮಾಡಿದರೆ ಅದು ತ್ಸಂಪಾ, ನಮ್ಮ ರಾಗಿಯ ಹುರಿಹಿಟ್ಟಿನ ಹಿಮಾಲಯದ ಬಂಧು. ಬೈಲುಕುಪ್ಪೆಯಲ್ಲಿ ಚಮರೀಮೃಗವಿಲ್ಲ, ನಮ್ಮ ದನಗಳ ಬೆಣ್ಣೆಯೇ ಆ ಕೆಲಸ ಮಾಡುತ್ತದೆ. ಬೇಸಗೆಯಲ್ಲಿ ಹಾಲುಸಕ್ಕರೆಯ ಚಹಾ ಕುಡಿಯುವವರೂ ಈಗ ಅಲ್ಲಿ ಕಡಮೆಯಿಲ್ಲ.

ಚಹಾ ಕೊಡುವುದನ್ನೇ ಒಂದು ಸಾಧನೆಯಾಗಿ ಬೆಳೆಸಿದವರು ಜಪಾನೀಯರು. 16ನೆಯ ಶತಮಾನದ ಸೆನ್ ನೋ ರಿಕ್ಯೂ ಆ ಕಲೆಯ ಮಹಾಗುರು. ಅಲ್ಲಿನ ಚಹಾಗೃಹದ ಬಾಗಿಲು ಎಷ್ಟು ಕಿರಿದೆಂದರೆ, ವೀರಯೋಧನಾದರೂ ಕತ್ತಿಯನ್ನು ಹೊರಗಿಟ್ಟು, ಮೊಣಕಾಲೂರಿ ಒಳಗೆ ಹೋಗಬೇಕು. ಅತಿಥಿ ಬಟ್ಟಲನ್ನು ತುಸು ತಿರುಗಿಸಿ, ಅದರ ಚೆಲುವಾದ ಮುಖವನ್ನು ಬಿಟ್ಟು ಕುಡಿಯಬೇಕು. ಬೈಲುಕುಪ್ಪೆಯ ಮನೆಗಳಲ್ಲಿ ಅಷ್ಟು ಬಿಗಿಯಾದ ವಿಧಿಗಳಿಲ್ಲ. ಅಲ್ಲಿನ ಬಾಗಿಲುಗಳಲ್ಲಿ ನಿಂತೇ ನಡೆಯಬಹುದು. ಆದರೆ ಬಟ್ಟಲಿನ ನಿಯಮ ಅಲ್ಲಿಯೂ ಉಂಟು.

ಅತಿಥಿ ಒಂದು ಗುಟುಕು ಕುಡಿದಿಟ್ಟರೆ ಮನೆಯವರು ತುಂಬುತ್ತಾರೆ. ಇನ್ನೊಂದು ಗುಟುಕು, ಮತ್ತೆ ತುಂಬುತ್ತಾರೆ. ರುಚಿ ಹಿಡಿಸದವನು ಒಂದೇ ಉಸಿರಿಗೆ ಕುಡಿದು ಮುಗಿಸೋಣವೆಂದುಕೊಂಡರೆ ಕೆಟ್ಟ. ಬರಿದಾದ ಬಟ್ಟಲು ಮರುಗಳಿಗೆಯೇ ತುಂಬಿರುತ್ತದೆ. ಸಾಕೆನಿಸಿದವನು ತುಂಬಿದ ಬಟ್ಟಲನ್ನು ಹಾಗೆಯೇ ಇಟ್ಟುಕೊಂಡು ಮಾತನಾಡುತ್ತಿರಬೇಕು. ಆ ಮಾತಿನಲ್ಲಿಯೇ ಮನೆಯ ಕಥೆ ಹೊರಬರುತ್ತದೆ: ಟಿಬೆಟ್ಟನ್ನು ಕಣ್ಣಾರೆ ಕಂಡ ಹಿರಿಯರು ವಿರಳವಾದದ್ದು, ಬೈಲುಕುಪ್ಪೆಯಲ್ಲಿಯೇ ಹುಟ್ಟಿದ ಮಕ್ಕಳು ದೂರದೇಶಗಳಿಗೆ ದುಡಿಯಲು ಹೋದದ್ದು, ಜೋಳದ ಬೆಲೆ. ಹೊರಡುವ ಗಳಿಗೆ ಬಂದಾಗ ಬಟ್ಟಲನ್ನೆತ್ತಿ ಪೂರ್ತಿ ಕುಡಿದು ಏಳಬೇಕು. ಮನೆಯವರಿಗೆ ಅರ್ಥವಾಗುತ್ತದೆ; ಆದರೂ ಕೆಲವು ಅಜ್ಜಿಯರು ಆಗಲೂ ಕೆಟಲನ್ನು ಕೈಗೆತ್ತಿಕೊಳ್ಳುತ್ತಾರೆ.