ಕ್ಯಾಂಪಸ್ ಸಂದರ್ಶನಕ್ಕೆ ನಮ್ಮ ಮಕ್ಕಳ ಸಿದ್ಧತೆ

ಆಟಿ ತಿಂಗಳ ಮಳೆ ತುಸು ಬಿಡುವು ಕೊಟ್ಟೊಡನೆ ಅಡಿಕೆ ತೋಟಗಳಿಗೆ ಎರಡನೆಯ ಸಲದ ಮದ್ದು ಬಿಡುವ ಅವಸರ ನಮ್ಮ ಕಾಸರಗೋಡಿನ ಕೃಷಿಕರದು. ಸುಮಾರಾಗಿ ಅದೇ ಹೊತ್ತಿಗೆ, ಇಂಜಿನಿಯರಿಂಗ್ ಕಾಲೇಜಿನ ಏಳನೆಯ ಸೆಮಿಸ್ಟರಿನಲ್ಲಿ ಓದುತ್ತಿರುವ ಅವರ ಮಕ್ಕಳಿಗೆ ಬೇರೊಂದು ಅವಸರ. ಸಾಫ್ಟ್‌ವೇರ್ ಸಂಸ್ಥೆಗಳು ಪರೀಕ್ಷೆ, ಸಂದರ್ಶನಗಳನ್ನು ನಡೆಸಿ, ಪದವಿ ಮುಗಿಯುವ ಮೊದಲೇ ಅಭ್ಯರ್ಥಿಗಳನ್ನು ಆರಿಸಿಕೊಳ್ಳುವ ‘ಕ್ಯಾಂಪಸ್ ಪ್ಲೇಸ್‌ಮೆಂಟ್’ ಆರಂಭವಾಗುವ ಕಾಲವದು. ಮಹಾಳಿ ತಗಲಿದ ಮೇಲೆ ಮದ್ದು ಬಿಟ್ಟು ಪ್ರಯೋಜನವಿಲ್ಲವೆಂದು ಬಲ್ಲ ನಾವು, ಮಕ್ಕಳ ಈ ಸಿದ್ಧತೆಯ ವಿಷಯದಲ್ಲಿ ಮಾತ್ರ ಕೊನೆಯ ಗಳಿಗೆಯವರೆಗೆ ಸುಮ್ಮನಿರುವುದೇಕೆ?

ನಮ್ಮ ನೆರೆಮನೆಯ ಹುಡುಗಿಯೊಬ್ಬಳು ತನ್ನ ಮೊದಲನೆಯ ಸಂದರ್ಶನದಲ್ಲಿ ಸೋತು ಮನೆಗೆ ಬಂದಿದ್ದಳು. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು. ತಂದೆ ಬ್ಯಾಂಕಿನ ಸಾಲದಿಂದ ಓದಿಸುತ್ತಿದ್ದರು. “ಉತ್ತರ ಗೊತ್ತಿತ್ತು ಮಾವ, ಹೇಳಲಿಕ್ಕೆ ಆಗಲಿಲ್ಲ” ಎಂದು ಕಣ್ಣು ತುಂಬಿಕೊಂಡಳು. ಕೇಳಿದ್ದು ‘ಬೈನರಿ ಸರ್ಚ್’ ಎಂಬ ಹುಡುಕುವ ಕ್ರಮದ ಬಗ್ಗೆ. “ಕನ್ನಡದಲ್ಲೇ ಹೇಳು ಮಗಳೇ, ನಮಗೂ ತಿಳಿಯಲಿ” ಎಂದೆವು.

ಅವಳು ಕಪಾಟಿನಿಂದ ನಿಘಂಟನ್ನು ತೆಗೆದು ಸರಿಯಾಗಿ ನಡುವೆ ತೆರೆದಳು. ಬೇಕಾದ ಪದ ಈ ಪುಟದಲ್ಲಿಲ್ಲವಾದರೆ ಮುಂದಿನ ಅರ್ಧದಲ್ಲಿರಬೇಕು, ಇಲ್ಲವೇ ಹಿಂದಿನ ಅರ್ಧದಲ್ಲಿರಬೇಕು. ಬೇಡದ ಅರ್ಧವನ್ನು ಬಿಟ್ಟು, ಉಳಿದುದನ್ನು ಮತ್ತೆ ನಡುವೆ ತೆರೆಯಬೇಕು. ಹೀಗೆ ಮಾಡಿದರೆ ಸಾವಿರ ಪುಟಗಳಲ್ಲಿ ಹೆಚ್ಚೆಂದರೆ 10 ಸಲ ನೋಡಿದರೆ ಸಾಕು. ಎರಡು ಸಾವಿರವಾದರೂ 11 ಸಲ. ಆದರೆ ಪದಗಳು ಅಕಾರಾದಿಯಲ್ಲಿರಬೇಕು, ಇಲ್ಲವಾದರೆ ಈ ಉಪಾಯ ನಡೆಯದು. ಇಷ್ಟನ್ನೂ ಅವಳು ತಡವರಿಸದೆ ಹೇಳಿದಳು. ಅವಳಲ್ಲಿ ಕೊರತೆಯಿದ್ದುದು ತಿಳಿವಳಿಕೆಯದಲ್ಲ, ತಿಳಿದುದನ್ನು ಬಾಯಿಬಿಟ್ಟು ಹೇಳುವ ರೂಢಿಯದು ಎಂಬುದು ಅಂದು ಸ್ಪಷ್ಟವಾಯಿತು.

ಈ ರೂಢಿ ಒಂದು ತಿಂಗಳಿನಲ್ಲಿ ಬರತಕ್ಕದ್ದಲ್ಲ. ಆಯ್ಕೆಯ ಕ್ರಮವನ್ನೇ ನೋಡೋಣ. ಅನೇಕ ಸಂಸ್ಥೆಗಳು ಶೇಕಡಾ 60ರಷ್ಟು ಅಂಕಗಳನ್ನು ಅಪೇಕ್ಷಿಸುತ್ತವೆ. ಯಾವ ವಿಷಯವೂ ಬಾಕಿಯಿರಬಾರದು ಎನ್ನುತ್ತವೆ. ಹೀಗಾಗಿ ಮೊದಲ ವರ್ಷದ ಗಣಿತವನ್ನು ಅಲಕ್ಷಿಸಿದವನಿಗೆ ನಾಲ್ಕನೆಯ ವರ್ಷದಲ್ಲಿ ಬಾಗಿಲೇ ತೆರೆಯದೆ ಹೋಗಬಹುದು. ಅನಂತರ ಲಿಖಿತ ಪರೀಕ್ಷೆ: ಶೇಕಡಾವಾರು ಲೆಕ್ಕ, ಕಾಲ ಮತ್ತು ಕೆಲಸದ ಲೆಕ್ಕ, ತರ್ಕ, ಇಂಗ್ಲಿಷ್. ಬಳಿಕ ಪ್ರೋಗ್ರಾಂ ಬರೆಯುವ ಪರೀಕ್ಷೆ. ಕೊನೆಯಲ್ಲಿ ಸಂದರ್ಶನ.

ಆದುದರಿಂದ ಮೊದಲೆರಡು ವರ್ಷಗಳಲ್ಲಿ ಸಿ, ಜಾವಾ, ಪೈಥಾನ್‌ಗಳಲ್ಲಿ ಯಾವುದಾದರೂ ಒಂದನ್ನು ಕೈಗೆ ಹತ್ತುವಂತೆ ಕಲಿಯುವುದು ಲೇಸು. ಮೂರನೆಯ ವರ್ಷ ಡೇಟಾ ಸ್ಟ್ರಕ್ಚರ್, ಡೇಟಾಬೇಸ್, ಆಪರೇಟಿಂಗ್ ಸಿಸ್ಟಮ್, ನೆಟ್‌ವರ್ಕ್ ಇವುಗಳ ಮೂಲತತ್ತ್ವಗಳು ಗಟ್ಟಿಯಾಗಬೇಕು. ದಿನಕ್ಕೆ ಎರಡೇ ಸಮಸ್ಯೆಗಳಾದರೂ ಸರಿ, ಬಿಡದೆ ಬಿಡಿಸಬೇಕು. ಪ್ರಾಜೆಕ್ಟನ್ನು ಹಣ ಕೊಟ್ಟು ಕೊಂಡುಕೊಂಡವನು “ಇದನ್ನು ಹೀಗೇಕೆ ಮಾಡಿದಿರಿ?” ಎಂಬ ಮೊದಲ ಪ್ರಶ್ನೆಗೇ ಸಿಕ್ಕಿಬೀಳುತ್ತಾನೆ. ಕೃತಕ ಬುದ್ಧಿಮತ್ತೆಯ ಸಾಧನಗಳು ಕ್ಷಣಮಾತ್ರದಲ್ಲಿ ಪ್ರೋಗ್ರಾಂ ಬರೆದುಕೊಡುವ ಈ ದಿನಗಳಲ್ಲಂತೂ ‘ಏಕೆ’ ಎಂಬುದಕ್ಕೆ ಉತ್ತರ ಬಲ್ಲವರಿಗೇ ಬೆಲೆ ಹೆಚ್ಚು.

ದೊಡ್ಡ ಸಂಸ್ಥೆಗಳು ತಮ್ಮ ಕಾಲೇಜಿಗೆ ಬರುವುದಿಲ್ಲವೆಂಬ ಕೊರಗು ಅಕ್ಕಲಕೋಟೆ, ಆದೋನಿ ಕಡೆಯ ಮಕ್ಕಳಿಗೂ ಇರಬಹುದು. ಟಿ.ಸಿ.ಎಸ್. ಸಂಸ್ಥೆಯು 2018ರಲ್ಲಿ ಆರಂಭಿಸಿದ ರಾಷ್ಟ್ರೀಯ ಅರ್ಹತಾ ಪರೀಕ್ಷೆಯಂತಹ ವ್ಯವಸ್ಥೆಗಳಿಂದ, ಸಣ್ಣ ಊರಿನ ವಿದ್ಯಾರ್ಥಿಗೂ ನೇರವಾಗಿ ಪರೀಕ್ಷೆಗೆ ಕುಳಿತುಕೊಳ್ಳುವ ದಾರಿ ತೆರೆದಿದೆ. ಐ.ಐ.ಟಿ.ಗಳೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಸೇರಿ ನಡೆಸುವ ಎನ್.ಪಿ.ಟಿ.ಇ.ಎಲ್. ಪಾಠಗಳನ್ನು ಮನೆಯಲ್ಲೇ ಕುಳಿತು ಉಚಿತವಾಗಿ ಕೇಳಬಹುದು.

ಇಂಗ್ಲಿಷಿನ ಅಂಜಿಕೆಯ ಬಗೆಗೆ ಒಂದು ಮಾತು. ನಮ್ಮ ಮಕ್ಕಳು ಮನೆಯಲ್ಲಿ ತುಳು ಅಥವಾ ಕನ್ನಡ, ಬಸ್ಸಿನಲ್ಲಿ ಮಲಯಾಳ, ತರಗತಿಯಲ್ಲಿ ಇಂಗ್ಲಿಷ್ ಎಂದು ದಿನವೂ ಭಾಷೆಯಿಂದ ಭಾಷೆಗೆ ದಾಟುವವರು. ಸೊಲ್ಲಾಪುರದವರಿಗೆ ಮರಾಠಿ, ಹೊಸೂರಿನವರಿಗೆ ತಮಿಳು, ಅಷ್ಟೇ ವ್ಯತ್ಯಾಸ. ಹೀಗೆ ದಾಟಬಲ್ಲವರು ಇನ್ನೊಂದು ಭಾಷೆಗೆ ಹೆದರಬೇಕಾದುದಿಲ್ಲ. ಸಂದರ್ಶಕರಿಗೆ ಬೇಕಾದುದು ಅಲಂಕಾರದ ಮಾತಲ್ಲ. ಚಿಕ್ಕ ಚಿಕ್ಕ ವಾಕ್ಯಗಳಲ್ಲಿ ಸ್ಪಷ್ಟವಾದ ವಿವರಣೆ. ನೆರೆಮನೆಯ ಹುಡುಗಿ ಮಾಡಿದುದೂ ಇದನ್ನೇ. ಪ್ರತಿ ರಾತ್ರಿ ಒಂದು ಸಮಸ್ಯೆಯನ್ನು ತಾಯಿಗೆ ಕನ್ನಡದಲ್ಲಿ ವಿವರಿಸುವಳು, ತಾಯಿ “ಅದು ಹೇಗೆ?” ಎಂದು ಕೇಳಿದಲ್ಲೆಲ್ಲ ನಿಂತು ಮತ್ತೆ ಹೇಳುವಳು, ಅನಂತರ ಅದನ್ನೇ ಇಂಗ್ಲಿಷಿನಲ್ಲಿ ತನ್ನಷ್ಟಕ್ಕೆ ಹೇಳಿಕೊಳ್ಳುವಳು. ಎರಡನೆಯ ಸಂದರ್ಶನವೂ ಕೈಕೊಟ್ಟಿತು. ಮೂರನೆಯದರಲ್ಲಿ ಆಯ್ಕೆಯಾದಳು.

ಹೆತ್ತವರಿಗೆ ಎರಡು ಎಚ್ಚರಿಕೆಗಳು. ಉದ್ಯೋಗ ಕೊಡಿಸುತ್ತೇವೆಂದು ಮುಂಗಡ ಹಣ ಕೇಳುವವರನ್ನು ನಂಬಲಾಗದು; ಯೋಗ್ಯ ಸಂಸ್ಥೆ ಕೆಲಸಕ್ಕಾಗಿ ಅಭ್ಯರ್ಥಿಯಿಂದ ಹಣ ಪಡೆಯುವುದಿಲ್ಲ. ಆಯ್ಕೆಪತ್ರ ಬಂದೊಡನೆ ಎಲ್ಲವೂ ಮುಗಿಯಿತೆಂದೂ ತಿಳಿಯಬಾರದು. 2022ರಲ್ಲಿ ಆಯ್ಕೆಯಾದ ಅನೇಕ ಪದವೀಧರರು ಕೆಲಸಕ್ಕೆ ಸೇರುವ ದಿನಕ್ಕಾಗಿ ತಿಂಗಳುಗಟ್ಟಲೆ ಕಾಯಬೇಕಾಯಿತು. ಪತ್ರದಲ್ಲಿರುವ ಕರಾರುಗಳನ್ನು ಮಕ್ಕಳೊಡನೆ ಕುಳಿತು ಓದಬೇಕು. ಸೇರುವ ದಿನದವರೆಗೆ ಅಭ್ಯಾಸವನ್ನು ಬಿಡಬಾರದು.

ಮದುವೆಮನೆಯಲ್ಲಿ, ಪೂಜೆಯ ಊಟದ ಪಂಕ್ತಿಯಲ್ಲಿ “ಪ್ಯಾಕೇಜ್ ಎಷ್ಟು?” ಎಂದು ಕೇಳುವವರಿಗೆ ಕೊರತೆಯಿಲ್ಲ. ಒಂದು ಸಂದರ್ಶನದಲ್ಲಿ ಸೋತ ಮಗುವಿಗೆ ಆ ಪ್ರಶ್ನೆ ಎಷ್ಟು ಭಾರವೆಂಬುದನ್ನು ನಾವು ಕಣ್ಣಾರೆ ಕಂಡಿದ್ದೇವೆ. ಅದರ ಬದಲು, ರಾತ್ರಿ ಊಟವಾದ ಮೇಲೆ “ಇವತ್ತು ಏನು ಕಲಿತೆ, ನಮಗೊಂದಿಷ್ಟು ಹೇಳು” ಎಂದು ಕೇಳೋಣ. ಕಂಪ್ಯೂಟರಿನ ಗಂಧವೇ ಇಲ್ಲದ ತಾಯಿ-ತಂದೆಯರಿಗೂ ಮಾಡಲು ಸಾಧ್ಯವಾದ ಸಹಾಯವಿದು. ಇದಕ್ಕೆ ಬೇಕಾದುದು ನಮ್ಮ ಮನೆಮಾತು ಮತ್ತು ಅರ್ಧ ಗಂಟೆಯ ತಾಳ್ಮೆ.