ಲೂರ್ದಿನ ನೀರು, ವೈದ್ಯರ ರುಜು

ಪವಾಡವೆಂದೊಡನೆ ಕೈಮುಗಿಯುವವರು ಕೆಲವರು, ನಕ್ಕುಬಿಡುವವರು ಕೆಲವರು. ಇವರಿಬ್ಬರ ನಡುವೆ ಮೇಜು ಕುರ್ಚಿ ಹಾಕಿಕೊಂಡು, "ಎಲ್ಲಿ, ಕಾಯಿಲೆಯ ಹಳೆಯ ಕಾಗದಪತ್ರಗಳನ್ನು ತೋರಿಸಿ" ಎಂದು ಕೇಳುವವರೂ ಇದ್ದಾರೆಂಬುದು ನಮ್ಮಲ್ಲಿ ಅನೇಕರಿಗೆ ತಿಳಿಯದು. ಅಂಥದೊಂದು ಕಚೇರಿ ಫ್ರಾನ್ಸಿನ ನೈರುತ್ಯದಲ್ಲಿ, ಪಿರನೀಸ್ ಪರ್ವತಗಳ ತಪ್ಪಲಿನ ಲೂರ್ದ್ ಎಂಬ ಊರಿನಲ್ಲಿದೆ. ಕ್ಯಾಥೊಲಿಕರ ಯಾತ್ರಾಸ್ಥಳವೊಂದು ತನ್ನ ಪವಾಡಗಳನ್ನು ತಾನೇ ಶಂಕಿಸಲು ಏರ್ಪಾಡು ಮಾಡಿಕೊಂಡಿರುವುದು ಸೋಜಿಗವಲ್ಲವೆ?

1858ರಲ್ಲಿ ಬರ್ನದೆತ್ ಎಂಬ 14 ವರ್ಷದ ಬಡ ಹುಡುಗಿ, ಆ ಊರಿನ ಹೊಳೆಯ ದಡದ ಗವಿಯಲ್ಲಿ ತನಗೆ ಒಬ್ಬ ಸ್ತ್ರೀಯ ದರ್ಶನವಾಯಿತೆಂದಳು. ಫೆಬ್ರವರಿಯಿಂದ ಜುಲೈವರೆಗೆ 18 ಸಲ ಹೀಗಾಯಿತು. ಆಕೆ ನೆಲವನ್ನು ಕೆದಕಿದ ಕಡೆ ನೀರು ಒಸರಿತು. ಅದನ್ನು ಕುಡಿದವರಿಗೆ, ಅದರಲ್ಲಿ ಮಿಂದವರಿಗೆ ಕಾಯಿಲೆ ವಾಸಿಯಾಯಿತೆಂಬ ಸುದ್ದಿ ಹಬ್ಬಿತು. ನೀರಿನಲ್ಲಿ ಔಷಧದ ಗುಣವೇನಾದರೂ ಉಂಟೆ ಎಂದು ಅದೇ ವರ್ಷ ತುಲೂಸ್ ನಗರದ ರಸಾಯನಶಾಸ್ತ್ರದ ಪ್ರಾಧ್ಯಾಪಕರೊಬ್ಬರು ಪರೀಕ್ಷಿಸಿ ನೋಡಿದರು. ಅದು ಸಾಧಾರಣ ಕುಡಿಯುವ ನೀರು, ಅಷ್ಟೆ. ಇದಕ್ಕೆ ಚರ್ಚಿನ ತಕರಾರೇನೂ ಇಲ್ಲ. ಬರ್ನದೆತ್ ಮಾತ್ರ ಚಿಕ್ಕಂದಿನಿಂದ ಉಬ್ಬಸದವಳು. ಸನ್ಯಾಸಿನಿಯಾಗಿ, ಕ್ಷಯದಿಂದ ನರಳಿ, 1879ರಲ್ಲಿ 35ನೆಯ ವಯಸ್ಸಿನಲ್ಲಿ ತೀರಿಕೊಂಡಳು.

ವೈದ್ಯರ ಕಚೇರಿ ಆರಂಭವಾದದ್ದು 1883ರಲ್ಲಿ. ಯಾತ್ರೆಗೆ ಬಂದ ಯಾವ ವೈದ್ಯನಾದರೂ, ಆತ ಯಾವ ಮತದವನೇ ಆಗಲಿ, ದೇವರನ್ನೇ ನಂಬದವನಾಗಲಿ, ಅಲ್ಲಿ ಕುಳಿತು ಪರೀಕ್ಷೆಯಲ್ಲಿ ಪಾಲ್ಗೊಳ್ಳಬಹುದು. ಅವರ ಅಳತೆಗೋಲು ಇನ್ನೂ ಹಳೆಯದು. 1740ರಲ್ಲಿ ಹದಿನಾಲ್ಕನೆಯ ಬೆನೆಡಿಕ್ಟ್ ಎಂಬ ಹೆಸರಿನಿಂದ ಪೋಪ್ ಆದ ಲಂಬರ್ತೀನಿ ಅದಕ್ಕೆ ಮುಂಚೆಯೇ ಅದನ್ನು ಬರೆದಿಟ್ಟಿದ್ದರು. ಕಾಯಿಲೆ ಕಠಿಣವಾದದ್ದಾಗಿರಬೇಕು, ತಾನಾಗಿಯೇ ಇಳಿಮುಖವಾಗಿದ್ದ ಜ್ವರದಂಥದು ಲೆಕ್ಕಕ್ಕಿಲ್ಲ. ಔಷಧ ಕೊಟ್ಟಿರಬಾರದು, ಕೊಟ್ಟಿದ್ದರೂ ಫಲಿಸಿರಬಾರದು. ಗುಣ ಥಟ್ಟನೆ ಕಂಡಿರಬೇಕು, ಪೂರ್ತಿಯಾಗಿರಬೇಕು, ಕಾಯಿಲೆ ಮರುಕಳಿಸಬಾರದು. ಈ ಕೊನೆಯದಕ್ಕಾಗಿ ವರ್ಷಗಟ್ಟಲೆ ಕಾಯುತ್ತಾರೆ. ಇಂದಿನ ಕಾಲಕ್ಕೆ ಔಷಧದ ನಿಯಮವೇ ದೊಡ್ಡ ತೊಡಕು. ಆಸ್ಪತ್ರೆಯ ಮೆಟ್ಟಿಲು ಹತ್ತದೆ, ಮಾತ್ರೆ ನುಂಗದೆ ಲೂರ್ದಿಗೆ ಬರುವ ರೋಗಿ ಈಗ ಎಲ್ಲಿ ಸಿಗಬೇಕು?

ಈ ಜರಡಿಯಲ್ಲಿ ಉಳಿಯುವುದು ಬಹಳ ಸ್ವಲ್ಪ. ಗುಣವಾಯಿತೆಂದು ತಿಳಿಸಿದ ಪ್ರಕರಣಗಳು 7,000ಕ್ಕೂ ಹೆಚ್ಚು. 2025ರ ಹೊತ್ತಿಗೆ ಪವಾಡವೆಂದು ಚರ್ಚು ಒಪ್ಪಿದ್ದು 72. ಅವುಗಳಲ್ಲಿ 71ನೆಯದು ಮೊದಲನೆಯ ಮಹಾಯುದ್ಧದಲ್ಲಿ ಗಾಯಗೊಂಡಿದ್ದ ಲಿವರ್‌ಪೂಲಿನ ಸಿಪಾಯಿಯೊಬ್ಬನದು. ಆತ ಎದ್ದು ನಡೆದದ್ದು 1923ರಲ್ಲಿ, ಒಪ್ಪಿಗೆ ಬಂದದ್ದು 2024ರಲ್ಲಿ! ನಮ್ಮ ಸಿವಿಲ್ ದಾವೆಗಳೂ ನಾಚಬೇಕು.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ವೈದ್ಯರು "ಇದು ಪವಾಡ" ಎಂದು ಎಲ್ಲಿಯೂ ಬರೆಯುವುದಿಲ್ಲ. ಈ ಗುಣಕ್ಕೆ ಇಂದಿನ ವೈದ್ಯಶಾಸ್ತ್ರಕ್ಕೆ ತಿಳಿದ ಕಾರಣವಿಲ್ಲ, ಇಷ್ಟಕ್ಕೇ ಅವರ ರುಜು. ಪವಾಡವೆಂಬ ಮಾತು ಗುಣವಾದವರ ಊರಿನ ಬಿಷಪ್ಪರದು. ಅವರು ಹಾಗೆ ಸಾರಿದರೂ, ಅದನ್ನು ನಂಬಲೇಬೇಕೆಂಬ ಕಟ್ಟಳೆ ಕ್ಯಾಥೊಲಿಕರಿಗೂ ಇಲ್ಲ. ಅಂದರೆ ವಿಜ್ಞಾನ ತನ್ನ ಗಡಿಯವರೆಗೆ ಬಂದು ನಿಲ್ಲುತ್ತದೆ. ಆಚೆಗೆ ಕಾಲಿಡುವವರು ತಮ್ಮ ನಂಬಿಕೆಯ ಹೊಣೆಯ ಮೇಲೆಯೇ ಇಡುತ್ತಾರೆ.

ಗಡಿ ಸರಿಯುತ್ತದಲ್ಲ, ಎಂದು ನೀವು ಕೇಳಬಹುದು. ನಿಜ. ಇಂದು ತಿಳಿಯದ್ದು ನಾಳೆ ತಿಳಿದೀತು. ಯಾವ ಯಾತ್ರೆಯೂ ಇಲ್ಲದೆ ಕ್ಯಾನ್ಸರ್ ಗಡ್ಡೆ ತಾನಾಗಿ ಕರಗಿದ ವಿರಳ ನಿದರ್ಶನಗಳೂ ವೈದ್ಯಗ್ರಂಥಗಳಲ್ಲಿವೆ. ಲೂರ್ದಿನಲ್ಲಿ ತೂಗುಹಾಕಿದ ಊರುಗೋಲುಗಳ ನಡುವೆ ಒಂದಾದರೂ ಮರದ ಕಾಲು ಏಕಿಲ್ಲವೆಂಬ ಕುಚೋದ್ಯ ಸಾಹಿತಿ ಅನತೋಲ್ ಫ್ರಾನ್ಸರ ಬರಹದಿಂದ ಪ್ರಸಿದ್ಧವಾಯಿತು. ಅದು ಬರಿಯ ಕುಚೋದ್ಯವಲ್ಲವೆಂದು ನನಗೆ ತೋರುತ್ತದೆ. ಇತ್ತ ಪವಾಡವು ನಿಸರ್ಗಕ್ಕೆ ವಿರುದ್ಧವಲ್ಲ, ನಿಸರ್ಗದ ಬಗೆಗೆ ನಮಗಿರುವ ಅರಿವಿಗೆ ವಿರುದ್ಧ ಎಂದು ಸಂತ ಅಗಸ್ಟೀನರು ಐದನೆಯ ಶತಮಾನದಲ್ಲಿಯೇ ವಾದಿಸಿದ್ದರು. ಭಕ್ತನಿಗೆ ಮುಖ್ಯವಾದದ್ದು ನಿಯಮ ಮುರಿಯಿತೇ ಎಂಬುದಲ್ಲ, ಪ್ರಾರ್ಥನೆಗೆ ಓಗೊಟ್ಟರೇ ಎಂಬುದು. ಅದನ್ನು ಸೂಕ್ಷ್ಮದರ್ಶಕದಲ್ಲಿ ಕಾಣುವಂತಿಲ್ಲ.

ಈ ಎರಡರ ನಡುವೆ ಸಿಕ್ಕಿಕೊಂಡವರು ಅಲೆಕ್ಸಿಸ್ ಕ್ಯಾರೆಲ್. 1902ರಲ್ಲಿ ಲಿಯೋನ್ ನಗರದ ಈ ತರುಣ ವೈದ್ಯರು, ಸ್ನೇಹಿತರೊಬ್ಬರ ಬದಲಿಗೆ, ಲೂರ್ದಿಗೆ ಹೊರಟ ರೋಗಿಗಳ ರೈಲಿನಲ್ಲಿ ಹೋದರು. ಆಗ ಅವರಿಗೆ ಪವಾಡಗಳಲ್ಲಿ ನಂಬಿಕೆಯಿರಲಿಲ್ಲ. ರೈಲಿನಲ್ಲಿ ಹೊಟ್ಟೆಯ ಕ್ಷಯದ ತರುಣಿಯೊಬ್ಬಳಿದ್ದಳು; ಹೊಟ್ಟೆ ಊದಿ, ಇನ್ನೇನು ಪ್ರಾಣ ಹೋಗುವುದೆಂಬ ಸ್ಥಿತಿ. ಲೂರ್ದಿನಲ್ಲಿ ಆಕೆಯ ಹೊಟ್ಟೆಯ ಮೇಲೆ ಆ ನೀರನ್ನು ಹೊಯ್ದರು. ಕ್ಯಾರೆಲ್ ಪಕ್ಕದಲ್ಲಿಯೇ ನಿಂತು ನೋಡುತ್ತಿದ್ದಂತೆ ಊತ ಇಳಿಯಿತು. ಸಂಜೆಗೆ ಆಕೆ ಎದ್ದು ಕುಳಿತಳು. ಮುಂದೆ ಸನ್ಯಾಸಿನಿಯಾಗಿ 1937ರವರೆಗೆ ಬಾಳಿದಳು.

ಸುದ್ದಿ ಪತ್ರಿಕೆಗಳಿಗೆ ಮುಟ್ಟಿತು. ಕಂಡದ್ದನ್ನು ಕ್ಯಾರೆಲ್ ಅಲ್ಲಗಳೆಯಲಿಲ್ಲ, ಪವಾಡವೆಂದೂ ಹೇಳಲಿಲ್ಲ. ಭಕ್ತರು ಪರೀಕ್ಷಿಸದೆ ನಂಬುತ್ತಾರೆ, ವೈದ್ಯರು ಪರೀಕ್ಷಿಸದೆ ತಳ್ಳಿಹಾಕುತ್ತಾರೆ ಎಂದು ಇಬ್ಬರನ್ನೂ ಆಕ್ಷೇಪಿಸಿದರು. ಇಬ್ಬರಿಗೂ ಬೇಡವಾದರು. ಲಿಯೋನಿನ ಆಸ್ಪತ್ರೆಗಳಲ್ಲಿ ನೆಲೆ ಸಿಗುವ ಆಸೆ ತಪ್ಪಿ, 1904ರಲ್ಲಿ ಅಟ್ಲಾಂಟಿಕ್ ದಾಟಿದರು. ರಕ್ತನಾಳಗಳನ್ನು ಹೊಲಿದು ಕೂಡಿಸುವ ವಿದ್ಯೆಗಾಗಿ 1912ರಲ್ಲಿ ಅವರಿಗೆ ನೊಬೆಲ್ ಬಹುಮಾನ ಬಂದದ್ದು ಅಮೆರಿಕದಲ್ಲಿದ್ದಾಗ. ಲೂರ್ದಿನ ಅನುಭವವನ್ನು ಕುರಿತ ಅವರ ಬರಹ ಅಚ್ಚಾದದ್ದು, 1944ರಲ್ಲಿ ಅವರು ತೀರಿಕೊಂಡ ಮೇಲೆ.

ಆ ತರುಣಿಯ ಪ್ರಕರಣ ಲೂರ್ದಿನ ಅಂತರರಾಷ್ಟ್ರೀಯ ವೈದ್ಯ ಸಮಿತಿಯ ಮುಂದೆ 1964ರಲ್ಲಿ ಬಂತು. ಕಾಯಿಲೆಗೆ ಮಾನಸಿಕ ಕಾರಣವಿದ್ದಿರಬಹುದೇ ಎಂಬುದನ್ನು ಅಂದಿನ ವೈದ್ಯರು ಸಾಕಷ್ಟು ವಿಚಾರಿಸಿರಲಿಲ್ಲವೆಂದು ಸಮಿತಿ ಅದನ್ನು ಕೈಬಿಟ್ಟಿತು. 72 ಹೆಸರುಗಳ ಆ ಪಟ್ಟಿಯಲ್ಲಿ ಆಕೆಯ ಹೆಸರಿಲ್ಲ.