ಹೊಸದಾಗಿ ಕಟ್ಟಿದ ಎಂಜಿನ್ನಿಗೆ ಮೊದಲ ಎಣ್ಣೆ ಯಾವುದು?

ನಮ್ಮ ವಾಚನಾಲಯಕ್ಕೆ ಬರುವ ಮಿತ್ರರಲ್ಲಿ ಕೆಲವರಿಗೆ ಹಳೆಯ ಬುಲೆಟ್ ಮೋಟಾರು ಸೈಕಲ್ಲಿನ ಹುಚ್ಚು ಉಂಟು. 1955ರಿಂದ ಮದರಾಸಿನಲ್ಲಿ ತಯಾರಾಗತೊಡಗಿದ ಆ ಬೀಡುಕಬ್ಬಿಣದ ಸಿಲಿಂಡರಿನ ಗಾಡಿಯನ್ನು ಹುಡುಕಿ ಕೊಂಡು, ಬಿಚ್ಚಿಸಿ, ರೀಬೋರ್ ಮಾಡಿಸಿ, ಹೊಸ ಪಿಸ್ಟನ್ನು, ಹೊಸ ಕ್ಯಾಮು, ಬಿಗಿಯಾದ ವಾಲ್ವ್ ಸ್ಪ್ರಿಂಗು, ದೊಡ್ಡ ಕಾರ್ಬೊರೇಟರು ಹಾಕಿಸಿ, ವೇಗದ ಗಾಡಿಯಾಗಿ ಮಾಡಿಕೊಳ್ಳುತ್ತಾರೆ. ಇದಕ್ಕೆ ಸಂಬಳ ಸಾಲದೆ ಸೊಸೈಟಿಯ ಸಾಲವೂ ಸೇರುವುದುಂಟು. ಇಷ್ಟೆಲ್ಲ ಖರ್ಚಾದ ಮೇಲೆ ಎಣ್ಣೆಯೊಂದರಲ್ಲಿ ಜಿಪುಣತನವೇಕೆಂದು ಅಂಗಡಿಯಲ್ಲಿ ಎಲ್ಲಕ್ಕಿಂತ ಬೆಲೆಯುಳ್ಳ ಸಿಂಥೆಟಿಕ್ ಡಬ್ಬಿಯನ್ನೇ ತಂದು ಸುರಿಯುತ್ತಾರೆ. ಎರಡು ತಿಂಗಳಲ್ಲಿ ಸೈಲೆನ್ಸರಿನಿಂದ ನೀಲಿ ಹೊಗೆ ಬಂದರೆ ಬೈಗಳು ಮೆಕ್ಯಾನಿಕನಿಗೆ. ಕಟ್ಟಿದ ಕೈ ಒಳ್ಳೆಯದಾಗಿದ್ದರೂ ಮೊದಲ ಎಣ್ಣೆಯಿಂದಲೂ ಮೊದಲ ಕೆಲವು ಗಂಟೆಗಳ ಓಟದಿಂದಲೂ ಕೆಟ್ಟುಹೋಗುವ ಎಂಜಿನ್ನುಗಳಿವೆ ಎಂಬುದು ಅನೇಕರಿಗೆ ತಿಳಿಯದು.

ಎಣ್ಣೆಯ ಕೆಲಸ ಸವೆತವನ್ನು ತಡೆಯುವುದು ಎಂದು ನಾವೆಲ್ಲ ಬಲ್ಲೆವು. ಆದರೆ ಹೊಸ ಎಂಜಿನ್ನಿನಲ್ಲಿ ಒಂದು ಜಾಗ ಸ್ವಲ್ಪ ಸವೆಯಲೇಬೇಕು. ಬೋರು ಕೊರೆದ ಮೇಲೆ ಸಿಲಿಂಡರಿನ ಒಳಗೋಡೆಗೆ ಹೋನಿಂಗ್ ಕಲ್ಲಿನಿಂದ ಜಾಲರಿಯಂಥ ಗೀರುಗಳನ್ನು ಎಳೆಯುತ್ತಾರೆ. ಕಣ್ಣಿಗೆ ನುಣ್ಣಗೆ ಕಂಡರೂ ಅದು ಸಣ್ಣ ದಿಬ್ಬ ತಗ್ಗುಗಳ ನೆಲ. ಪಿಸ್ಟನ್ ರಿಂಗು ಆ ದಿಬ್ಬಗಳ ತುದಿಗಳನ್ನು ಉಜ್ಜಿ ಸಮಮಾಡಿ, ತಾನೂ ಸವೆದು, ಗೋಡೆಗೆ ಸರಿಯಾಗಿ ಒತ್ತಿ ಕೂರಬೇಕು. ತಗ್ಗುಗಳು ಉಳಿದು ಎಣ್ಣೆಯನ್ನು ಹಿಡಿದಿಟ್ಟುಕೊಳ್ಳುತ್ತವೆ. ಈ ಕೆಲಸದ ಬಹುಪಾಲು ಮೊದಲ ಕೆಲವು ಗಂಟೆಗಳಲ್ಲೇ ಆಗಬೇಕು. ಜಾರಿಕೆಯ ಮದ್ದು ಬೆರೆಸಿದ ಎಣ್ಣೆ ಹಾಕಿ, ಮೇಲಾಗಿ ಗಾಡಿಯನ್ನು ಹಸುಗೂಸಿನಂತೆ ಮೆಲ್ಲಗೆ ನಡೆಸಿದರೆ ರಿಂಗು ದಿಬ್ಬಗಳ ಮೇಲೆ ತೇಲುತ್ತದೆಯೇ ಹೊರತು ಕೂರುವುದಿಲ್ಲ. ಗೋಡೆಯ ಮೇಲೆ ಉಳಿದ ಎಣ್ಣೆ ಬೆಂದು ಅರಗಿನಂತೆ ಮೆರುಗು ಕಟ್ಟುತ್ತದೆ. ಮೆರುಗು ಕಟ್ಟಿದ ಬೋರನ್ನು ಮತ್ತೆ ಬಿಚ್ಚಿ ಹೋನ್ ಮಾಡಿಸುವುದರ ಹೊರತು ಬೇರೆ ದಾರಿಯಿಲ್ಲ.

ನೂಲುವ ಗಿರಣಿಗಳಲ್ಲಿ ಕೆಲಸ ಮಾಡಿದವರಿಗೆ ಇದು ಹೊಸ ಮಾತಲ್ಲ. ರಿಂಗ್ ಫ್ರೇಮಿಗೆ ಹೊಸ ರಿಂಗು ಕೂರಿಸಿದಾಗ ಸ್ಪಿಂಡಲಿನ ವೇಗ ತಗ್ಗಿಸುತ್ತಾರೆ. ಟ್ರಾವೆಲರುಗಳನ್ನು ಬೇಗಬೇಗ ಬದಲಾಯಿಸುತ್ತಾರೆ. ಆ ದಿನಗಳಲ್ಲಿ ಟ್ರಾವೆಲರಿನ ಇಂಡೆಂಟು ಏರಿದ್ದನ್ನು ಕಂಡು ಲೆಕ್ಕದ ಗುಮಾಸ್ತ ಹುಬ್ಬು ಗಂಟಿಕ್ಕುವುದುಂಟು, ಆದರೆ ಅದು ದಂಡದ ಖರ್ಚಲ್ಲ.

ಸಿಂಥೆಟಿಕ್ ಎಣ್ಣೆಯಲ್ಲಿ ರಿಂಗು ಎಂದಿಗೂ ಕೂರುವುದಿಲ್ಲ ಎಂದು ಕೆಲವರು ಆಣೆಯಿಟ್ಟು ಹೇಳುವುದೂ ಸರಿಯಲ್ಲ. ಅಮೆರಿಕದ ಕಾರ್ವೆಟ್ ಕಾರಿಗೆ 1992ರಿಂದ ಕಾರ್ಖಾನೆಯಲ್ಲೇ ಸಿಂಥೆಟಿಕ್ ತುಂಬುತ್ತ ಬಂದರು. ಅಂಥ ಕಾರ್ಖಾನೆಗಳಲ್ಲಿ ದಿಬ್ಬಗಳ ತುದಿಯನ್ನು ಯಂತ್ರವೇ ಮೊದಲು ನುಣ್ಣಗೆ ಮಾಡಿ ಕೊಡಬಲ್ಲದು. ರಿಂಗಿಗೆ ಉಳಿಯುವ ಕೆಲಸ ಅಲ್ಪ. ನಮ್ಮ ಗಲ್ಲಿಯ ಲೇತ್ ಅಂಗಡಿಯಲ್ಲಿ ಕೈ ಹೋನಿನಿಂದ ಉಜ್ಜಿದ ಬೋರಿಗೆ ಆ ಲೆಕ್ಕ ಹೊಂದದು. ಅದಕ್ಕೆ ಸಾದಾ ಮಿನರಲ್ ಎಣ್ಣೆಯೇ ತಕ್ಕುದು.

ಇನ್ನು ಕ್ಯಾಮಿನ ವಿಷಯ. ರಿಂಗು ಸವೆಯಬೇಕು, ಕ್ಯಾಮು ಸವೆಯಕೂಡದು. ಎರಡಕ್ಕೂ ಒಂದೇ ಎಣ್ಣೆ! ಇಲ್ಲಿಯೇ ಆಯ್ಕೆಯ ತೊಡಕು ಇರುವುದು. ಹಳೆಯ ಬುಲೆಟ್ಟಿನಲ್ಲಿ ಚಪ್ಪಟೆ ಪಾದದ ಟ್ಯಾಪೆಟ್ಟು ಕ್ಯಾಮಿನ ಮೇಲೆ ಉಜ್ಜುತ್ತ ನಡೆಯುತ್ತದೆ, ಉರುಳುವುದಿಲ್ಲ. ಬಿಗಿ ಸ್ಪ್ರಿಂಗು ಹಾಕಿದಷ್ಟೂ ಅಲ್ಲಿ ಒತ್ತಡ ಹೆಚ್ಚು. ಇದನ್ನು ಕಾಯುವುದು ಸತು ಮತ್ತು ರಂಜಕ ಕೂಡಿದ ಒಂದು ರಾಸಾಯನಿಕ. ಅಂಗಡಿಯವರು ಜಿಂಕ್ ಎಂದಷ್ಟೇ ಕರೆಯುತ್ತಾರೆ. ಶಾಖ ಮತ್ತು ಒತ್ತಡ ಬಿದ್ದಲ್ಲಿ ಅದು ಲೋಹದ ಮೇಲೆ ತೆಳುವಾದ ಪೊರೆ ಕಟ್ಟುತ್ತದೆ. ಆದರೆ ರಂಜಕವು ಹೊಸ ಕಾರುಗಳ ಹೊಗೆಶುದ್ಧಿ ಯಂತ್ರವನ್ನು ಕೆಡಿಸುವುದರಿಂದ, 2004ರಲ್ಲಿ ಬಂದ ಎಸ್‌ಎಂ ದರ್ಜೆಯಲ್ಲಿ ತೆಳು ಎಣ್ಣೆಗಳಿಗೆ ನೂರಕ್ಕೆ 0.08 ಭಾಗಕ್ಕಿಂತ ರಂಜಕ ಹೆಚ್ಚಿರಬಾರದೆಂದು ನಿಗದಿಮಾಡಿದರು. ಆದ್ದರಿಂದ ಹೊಸ ಕಾರಿಗೆಂದು ಮಾರುವ 5ಡಬ್ಲ್ಯೂ-30 ಎಣ್ಣೆ ಎಷ್ಟೇ ಉತ್ತಮವಾದರೂ ಈ ಕ್ಯಾಮಿಗೆ ಹಿತವಲ್ಲ. ದಪ್ಪನೆಯ 20ಡಬ್ಲ್ಯೂ-50 ಎಣ್ಣೆಗೆ ಆ ಕಟ್ಟುಪಾಡು ಅನ್ವಯಿಸುವುದಿಲ್ಲ. ಬುಲೆಟ್ಟಿಗೆ ಸಲ್ಲುವ ದಪ್ಪವೂ ಅದೇ.

ಹೀಗಾಗಿ ಕೇಳಬೇಕಾದದ್ದು 20ಡಬ್ಲ್ಯೂ-50 ಮಿನರಲ್. ಡಬ್ಬಿಯ ಮೇಲೆ ಜಾಸೋ ಎಂಎ ಎಂಬ ಗುರುತಿದ್ದರೆ ಕ್ಲಚ್ಚು ಜಾರಿಸುವಂಥ ಮದ್ದು ಅದರಲ್ಲಿಲ್ಲವೆಂದು ತಿಳಿಯಬಹುದು. ಎಂಬಿ ಎಂದಿದ್ದರೆ ಬಿಡಬೇಕು, ಅದು ಸ್ಕೂಟರಿನದು. ಹಳೆಯ ಬುಲೆಟ್ಟಿಗೆ ಗೇರ್ ಬಾಕ್ಸಿನ ಎಣ್ಣೆ ಬೇರೆ. ಎಂಜಿನ್ನು, ಕ್ಲಚ್ಚು, ಗೇರು ಮೂರಕ್ಕೂ ಒಂದೇ ಎಣ್ಣೆಯಿರುವ ಈಗಿನ ಗಾಡಿಗಳಲ್ಲಂತೂ ಎಂಎ ಗುರುತು ಇರಲೇಬೇಕು. ಲಾರಿಯ ಡೀಸೆಲ್ ಎಣ್ಣೆಯನ್ನು ಹೊಗಳುವವರಿದ್ದಾರೆ. ಅದರಲ್ಲಿ ಸತು ಇರುವುದು ನಿಜ, ಆದರೆ ಕೊಳೆ ತೊಳೆಯುವ ಮದ್ದೂ ಬಲವಾಗಿದ್ದು ಪೊರೆ ಕಟ್ಟುವುದಕ್ಕೆ ಅಡ್ಡ ಬರುತ್ತದೆ. ನಿರ್ವಾಹವಿಲ್ಲದಿದ್ದರೆ ಮಾತ್ರ ಅದು. 1996ರವರೆಗೆ ನಮ್ಮ ಮೈಸೂರಿನಲ್ಲಿ ತಯಾರಾದ ಜಾವಾ, ಯೆಜ್ಡಿ ಉಳ್ಳವರು ಈ ಕ್ಯಾಮಿನ ಚಿಂತೆಯಿಂದ ಪಾರು. ಅವು ಟೂ-ಸ್ಟ್ರೋಕು, ಕ್ಯಾಮೂ ಇಲ್ಲ, ವಾಲ್ವೂ ಇಲ್ಲ, ಎಣ್ಣೆ ಪೆಟ್ರೋಲಿನಲ್ಲೇ.

ಕಟ್ಟುವಾಗ ಕ್ಯಾಮಿಗೂ ಟ್ಯಾಪೆಟ್ಟಿಗೂ ಮಾಲಿಬ್ಡಿನಂ ಲೇಪ ಹಚ್ಚುವಂತೆ ಮೆಕ್ಯಾನಿಕನಿಗೆ ಹೇಳಬೇಕು. ಅದೇ ಲೇಪ ರಿಂಗಿಗೂ ಬೋರಿಗೂ ಸೋಕಬಾರದು; ಅಲ್ಲಿಗೆ ತೆಳುವಾಗಿ ಸವರಿದ ಎಣ್ಣೆ ಸಾಕು. ಅಮೆರಿಕದಲ್ಲಿ ಚಪ್ಪಟೆ ಟ್ಯಾಪೆಟ್ಟಿನ ದೊಡ್ಡ ಕಾರು ಎಂಜಿನ್ನುಗಳನ್ನು ಕಟ್ಟುವವರು ಮೊದಲ ಸಲ ಚಾಲೂ ಮಾಡಿದ ಕೂಡಲೇ ನಿಮಿಷಕ್ಕೆ 2000 ಸುತ್ತಿಗಿಂತ ಮೇಲೆ 20 ನಿಮಿಷ ಓಡಿಸುತ್ತಾರೆ. ಅವುಗಳಲ್ಲಿ ಕ್ರಾಂಕು ಎರಚಿದ ಎಣ್ಣೆಯೇ ಕ್ಯಾಮಿಗೆ ಆಧಾರ. ಬಿಗಿ ಸ್ಪ್ರಿಂಗಿದ್ದರೆ ಒಳ ಸ್ಪ್ರಿಂಗನ್ನು ತೆಗೆದಿಟ್ಟು ಪಳಗಿಸುವವರೂ ಉಂಟು. ನೀರಿನಿಂದ ತಣಿಯುವ ಎಂಜಿನ್ನಿನ ಈ ಕ್ರಮವನ್ನು ಗಾಳಿಯಿಂದ ತಣಿಯುವ ಬುಲೆಟ್ಟಿಗೆ ಗ್ಯಾರೇಜಿನಲ್ಲಿ ನಿಲ್ಲಿಸಿ ಮಾಡಿದರೆ ಪಿಸ್ಟನ್ನು ಹಿಡಿದುಕೊಂಡೀತು. ಒಂದೆರಡು ನಿಮಿಷ ಬಿಸಿಮಾಡಿ, ಭಾನುವಾರ ಬೆಳಗಿನ ಖಾಲಿ ರಸ್ತೆಗೆ ಹೊರಡುವುದೇ ಲೇಸು. ಮೂರನೆಯ ಗೇರಿನಲ್ಲಿ ಅರ್ಧದವರೆಗೆ ಎಕ್ಸಿಲೇಟರು ಕೊಟ್ಟು ವೇಗ ಹಿಡಿಸಿ, ಪೂರ್ತಿ ಬಿಟ್ಟು ತಾನೇ ನಿಧಾನವಾಗಲು ಬಿಡಬೇಕು. ಹೀಗೆ ಹತ್ತಾರು ಸಲ. ವೇಗ ಹಿಡಿಯುವಾಗ ಉರಿಯ ಒತ್ತಡ ರಿಂಗನ್ನು ಹಿಂದಿನಿಂದ ಗೋಡೆಗೆ ಅದುಮುತ್ತದೆ. ಬಿಟ್ಟಾಗ ಎಣ್ಣೆ ಮೇಲೇರಿ ಲೋಹದ ಪುಡಿಯನ್ನು ತೊಳೆಯುತ್ತದೆ. ನಡುನಡುವೆ ನಿಲ್ಲಿಸಿ ಕೈಯಿಟ್ಟರೆ ಸುಡದಷ್ಟು ತಣಿಯಲು ಬಿಡಬೇಕು. ಒಂದೇ ವೇಗದ ಓಟ, ಸಿಗ್ನಲ್ಲಿನಲ್ಲಿ ಬಹಳ ಹೊತ್ತು ನಿಂತು ಗುಡುಗುಟ್ಟುವುದು, ಪೂರ್ತಿ ಎಕ್ಸಿಲೇಟರು ಮೂರೂ ಕೂಡದು.

ಸುಮಾರು 80 ಕಿಲೋಮೀಟರಾದ ಕೂಡಲೇ ಎಂಜಿನ್ನು ಬಿಸಿಯಿರುವಾಗಲೇ ಎಣ್ಣೆ ಇಳಿಸಿ ಫಿಲ್ಟರು ಬದಲಿಸಬೇಕು. ಎಣ್ಣೆ ಹೊಸದಾಗಿಯೇ ಇದೆಯಲ್ಲ ಎಂದು ಮನಸ್ಸು ಹಿಂಜರಿಯುತ್ತದೆ. ಬೆಲೆಯ ಡಬ್ಬಿ ತಂದವರಿಗೆ ಇನ್ನೂ ಹೆಚ್ಚು. ಇಳಿಸಿದ ಎಣ್ಣೆಯನ್ನು ಬಿಳಿ ಬಟ್ಟೆಯ ಮೇಲೆ ಸುರಿದು ನೋಡಿ. ಬೂದಿಯಂಥ ನಯವಾದ ಪುಡಿ ಇದ್ದರೆ ಸಹಜ. ಉಗುರಿಗೆ ಸಿಗುವ ಚೂರುಗಳಿದ್ದರೆ ಗಾಡಿಯನ್ನು ಅಲ್ಲಿಯೇ ನಿಲ್ಲಿಸಿ ಮೆಕ್ಯಾನಿಕನನ್ನು ಕರೆಸಿ. 500 ಕಿಲೋಮೀಟರಿಗೆ ಅದೇ ಸಾದಾ ಎಣ್ಣೆಯನ್ನು ಮತ್ತೊಮ್ಮೆ ಬದಲಿಸಿ. ಅನಂತರ 1000 ಕಿಲೋಮೀಟರಿನ ಹೊತ್ತಿಗೆ ಎಣ್ಣೆಯ ಮಟ್ಟ ಇಳಿಯದೆ, ಪ್ಲಗ್ಗು ಒಣಗಿದ್ದು, ಕಿಕ್ಕಿಗೆ ಕಾಲು ಎದುರಾಗಿ ಬಂದರೆ ರಿಂಗು ಕೂತಿದೆ. ಸಿಂಥೆಟಿಕ್ ಬೇಕೆನ್ನುವವರು ಆಮೇಲೆ ಹಾಕಿಕೊಳ್ಳಲಿ, ನಮ್ಮ ಅಡ್ಡಿಯಿಲ್ಲ.